ಮೇಲೆ ಎರಡು ಕಟಕ್

ಒಂದು ಹಾರುತ್ತದೆ, ಎರಡನೆಯದು ಹಾರುವುದಿಲ್ಲ.
ಪುಣೆಯ ಪೊಲೀಸ್ ಲೈನಿನ ಶಸ್ತ್ರಾಗಾರಕ್ಕೆ
ಬರುವ ದೂರುಗಳೆಲ್ಲ ಹೆಚ್ಚುಕಡಿಮೆ ಇಷ್ಟೇ.
ಚೀಟಿಯಲ್ಲಿ ಮರಾಠಿ, ಬಂದೂಕಿನ ನಂಬರು, ಒಂದು ಸಹಿ.

ದಸ್ತಗೀರ ಶಿಕಲಗಾರ, ಮಿರಜಿನವರು,
ಚೀಟಿ ಓದುತ್ತಿರಲಿಲ್ಲ.
ತಂದ ಹುಡುಗನನ್ನು ಕೇಳುತ್ತಿದ್ದರು:
ಖಾಲಿ ತೋಟಾ ಎಲ್ಲಿ ಬಿತ್ತು? ಬಲಕ್ಕೋ? ಕಾಲ ಬುಡಕ್ಕೋ?
ಬೀಳಲೇ ಇಲ್ಲವೋ?
ಹುಡುಗ ತಲೆ ಕೆರೆದುಕೊಂಡರೆ ನನ್ನತ್ತ ತಿರುಗಿ ಕನ್ನಡದಲ್ಲಿ,
"ಜಡ್ಡು ಬಂದೂಕಿಗಲ್ಲ ಅಥಣಿ, ಕಣ್ಣಿಗೆ."

ನನ್ನ ಹೆಸರು ಕಸ್ತೂರಿ ಮಗದುಮ್.
ಒಂಬತ್ತು ವರ್ಷದಲ್ಲಿ ಅವರು ಹಾಗೆ ಕರೆದದ್ದಿಲ್ಲ.

ಅಲ್ಲಿ ಕನ್ನಡ ಬರುತ್ತಿದ್ದುದು ಇಬ್ಬರಿಗೇ.
ಹಾಗಾಗಿ ಯಾವ ಕೈಪಿಡಿಯಲ್ಲೂ ಇಲ್ಲದ ಹೆಸರುಗಳು ಹುಟ್ಟಿದವು.
ಹಿಂದಕ್ಕೆ ಒದೆಯುವ ದಂಡ, ಮುಂಗೋಪಿ.
ಖಾಲಿ ತೋಟಾದ ಅಂಚು ಹಿಡಿದು ಎಳೆಯುವ ಪುಟ್ಟ ಕೊಕ್ಕೆ, ಸೂಲಗಿತ್ತಿ.
ಹಾರಿದ ಗುಂಡಿನ ಹಿಂದಿನಿಂದ ನಳಿಗೆ ಕದ್ದಿಟ್ಟುಕೊಳ್ಳುವ ಒತ್ತಡ,
ಅದು ಉಸಿರು. ಗ್ಯಾಸ್ ಅಂದರೆ ಬೈಗುಳ ಬೀಳುತ್ತಿತ್ತು.

ಸೂಲಗಿತ್ತಿಯ ಉಗುರು ಸವೆದಿದೆಯೇ.
ಮ್ಯಾಗಜಿನ್ನಿನ ಸ್ಪ್ರಿಂಗು ಸೋತಿದೆಯೇ, ತುಟಿ ಸೊಟ್ಟಗಾಗಿದೆಯೇ.
ಒಣಗಿರಬೇಕಾದ ಮುಂಗೋಪಿಗೆ ಯಾರಾದರೂ ಎಣ್ಣೆ ಸವರಿದ್ದಾರೆಯೇ.
"ಒಗ್ಗರಣಿ ಹಾಕ್ಯಾರ ನೋಡು! ಸುಟ್ಟ ಎಣ್ಣಿ ಅಂಟಾಗದ ಏನಾಗತೈತಿ?"
ಎಲ್ಲ ಸರಿಯಿದ್ದರೆ ಉಸಿರಿನ ಕಿಂಡಿ ಪೂರ್ತಿ ತೆರೆ, ಸೋರಲಿ.
ಒಂದೊಂದೇ ಕಟಕ್ ಮುಚ್ಚುತ್ತಾ ಬಾ,
ಒಂದೊಂದೇ ತೋಟಾ ಹಾರಿಸುತ್ತಾ,
ಅದು ತಾನಾಗಿ ಖಾಲಿಯನ್ನು ಉಗುಳುವ ತನಕ.
ಅಲ್ಲಿ ನಿಲ್ಲಬೇಡ.
"ಮ್ಯಾಲ ಎರಡು ಕಟಕ್. ಕೆಸರಿನ ದಿವಸಕ್ಕ."

ಒಮ್ಮೆ ಮೂರು ದಿನ ಒಂದೇ ಬಂದೂಕಿನೊಡನೆ ಹೆಣಗಿದೆ.
ಸ್ಪ್ರಿಂಗು ಬದಲಿಸಿದೆ, ಕೊಕ್ಕೆ ಬದಲಿಸಿದೆ,
ನಳಿಗೆಯೊಳಗೆ ಬ್ರಷ್ಷು ಓಡಿಸಿ ಭುಜ ಊದಿಸಿಕೊಂಡೆ.
ಒಂದು ಹಾರುತ್ತದೆ. ಎರಡನೆಯದಿಲ್ಲ.
ನಾಲ್ಕನೆಯ ದಿನ ಅವರು ಚಹಾದ ಲೋಟ ಕೆಳಗಿಡದೆ
ಎಡಗೈಯಲ್ಲಿ ಮುಂದಿನ ಬಿರಡೆಯೊತ್ತಿ ಅರ್ಧ ತಿರುಗಿಸಿದರು.
ಯಾರೋ ತಲೆಕೆಳಗಾಗಿ ಹಾಕಿದ್ದರು, ಅಷ್ಟೇ. ದಾರಿ ಮುಚ್ಚಿತ್ತು.
ನಕ್ಕಿದ್ದರೆ ಚೆನ್ನಾಗಿತ್ತು.
"ಮೊದಲ ಉಸಿರಾಡತೈತೇನು ನೋಡು. ಆಮ್ಯಾಲ ರೋಗ."

ಅವರು ಹೋದದ್ದು ಕಿಡ್ನಿಯಿಂದ, ಜುಲೈನಲ್ಲಿ.
ನಿವೃತ್ತಿಗೆ ಹನ್ನೊಂದು ದಿನ ಬಾಕಿ.

ಸಲಾಮಿಗೆ ಹತ್ತು ಬಂದೂಕು. ಕಪಾಟಿನಿಂದ ತೆಗೆದುಕೊಟ್ಟವಳು ನಾನು.
ಮೂವತ್ತು ತೋಟಾ, ತುದಿಯಲ್ಲಿ ಗುಂಡಿಲ್ಲದವು.
ಗುಂಡಿಲ್ಲದಿದ್ದರೆ ನಳಿಗೆಗೆ ತಡೆಯಿಲ್ಲ,
ತಡೆಯಿಲ್ಲದಿದ್ದರೆ ಉಸಿರು ಕಟ್ಟುವುದಿಲ್ಲ,
ಮುಂಗೋಪಿ ಅಲುಗುವುದಿಲ್ಲ.
ಒಂದು ಹಾರುತ್ತದೆ, ಎರಡನೆಯದು ಹಾರುವುದಿಲ್ಲ,
ಮತ್ತು ಇದು ದೋಷವಲ್ಲ.
ಪ್ರತಿ ಸಲ ಕೈಯಿಂದಲೇ ಎಳೆಯಬೇಕು.

ಖಬರಸ್ತಾನದಲ್ಲಿ ಮೊದಲ ಸದ್ದಿಗೆ
ಬೇವಿನ ಮರದ ಕಾಗೆಗಳೆಲ್ಲ ಎದ್ದವು.
ಗೋಡೆಯಾಚೆ ಲೋಣಾವಳದ ಲೋಕಲ್ಲು ದಡದಡ.
ಕೊನೆಯಲ್ಲಿದ್ದ ಹುಡುಗ, ಹೊಸಬ, ಎಳೆಯುವುದನ್ನು ಮರೆತು
ಕುದುರೆ ಒತ್ತಿದ. ಏನೂ ಇಲ್ಲ. ಬೆವರುತ್ತಾ ನನ್ನ ಕಡೆ ನೋಡಿದ,
ಬಂದೂಕು ಕೆಟ್ಟಿದೆ ಎಂಬಂತೆ.
ನಾನು ತೊಡೆಯ ಪಕ್ಕದಲ್ಲೇ ಕೈ ಹಿಂದಕ್ಕೆಳೆದು ತೋರಿಸಿದೆ.
ಎಳೆದ. ಒಂದು ಗಳಿಗೆ ತಡವಾಗಿ ಅವನದೊಂದು ಸದ್ದು, ಒಂಟಿಯಾಗಿ.

ಜನ ಹೊರಟ ಮೇಲೆ ಖಾಲಿಗಳನ್ನು ಆಯ್ದೆ.
ಲೆಕ್ಕ ಒಪ್ಪಿಸದೆ ಕಪಾಟಿಗೆ ಬೀಗ ಬೀಳುವುದಿಲ್ಲ.
ಇಪ್ಪತ್ತೊಂಬತ್ತು.
ಮೊಣಕಾಲೂರಿ ಮತ್ತೆ ಹುಡುಕಿದೆ.
ಎಲ್ಲಿ ಬಿತ್ತು? ಬಲಕ್ಕೋ? ಕಾಲ ಬುಡಕ್ಕೋ?
ಹೊಸದಾಗಿ ಮುಚ್ಚಿದ ಜಾಗಕ್ಕೆ ಕೈ ಹಾಕಲಿಲ್ಲ.

ರಿಜಿಸ್ಟರಿನಲ್ಲಿ ಬರೆದೆ: ಕಡಿಮೆ, ಒಂದು.
ಕಾರಣ ಎಂಬ ಕಾಲಮ್ಮಿನಲ್ಲಿ, ಮೇಲಿನವರು ಕೇಳಲಿ ಬಿಡಲಿ,
ಕನ್ನಡದಲ್ಲೇ:
ಮಣ್ಣು.