ಅರ್ಧ ಕ್ಷೌರ

ಕತ್ತಿಯನ್ನು ಇಸ್ತಾಂಬುಲಿನಲ್ಲೇ ಕಿತ್ತುಕೊಂಡರು, ಅಪ್ಪ.
ಬರೀ ಕ್ಷೌರದ ಕತ್ತಿ, ನಮ್ಮಪ್ಪನದು, ಮೊಂಡಾಗಿದೆ ಎಂದೆ.
ಕಾವಲಿನ ಹುಡುಗಿ ಅಲಗಿಗೆ ಹೆಬ್ಬೆರಳು ತಾಕಿಸಿ
ಮೊಂಡಾಗಿಲ್ಲ ಎಂದಳು.
ನೀನಿದ್ದಿದ್ದರೆ ಹಿಗ್ಗುತ್ತಿದ್ದೆ.

ಹಾಗಾಗಿ ಬುಸಾನಿಗೆ ಬಂದು ಮುಟ್ಟಿದ್ದು ನಾನು, ಜೊತೆಗೆ
ನಿಂಬೆ ಕೊಲೋನಿನ ಒಂದು ಪುಟ್ಟ ಶೀಶೆ.

ಇಲ್ಲಿ ಕಲ್ಲುಗಳು ನಿಂತಿಲ್ಲ, ಮಲಗಿವೆ,
ಹುಲ್ಲಿನ ಮಟ್ಟಕ್ಕೆ; ಮಗ್ಗುಲಲ್ಲಿ ಒಂದೊಂದು ಗುಲಾಬಿ ಗಿಡ.
ಬೇಲಿಯಾಚೆ ಮೂವತ್ತು ಮಹಡಿಯ ಮನೆಗಳು,
ಯಾರದೋ ಬಾಲ್ಕನಿಯಲ್ಲಿ ಬಿಸಿಲಿಗೆ ಹಾಕಿದ ಹಾಸಿಗೆ.
ನೀನು ಹೇಳುತ್ತಿದ್ದ ಕೊರಿಯಾದಲ್ಲಿ ಮನೆಗಳೇ ಇರಲಿಲ್ಲ:
ಹೊಗೆ, ಒಂದು ಬಾವಿ, ಹಿಮ,
ಬಾವಿಕಟ್ಟೆಯ ಮೇಲೆ ಕೂತ ಒಬ್ಬಳು ಅಜ್ಜಿ.

ನಿನಗೆ ಅವರ ಮನೆತನದ ಹೆಸರು ಗೊತ್ತಿರಲಿಲ್ಲ.
ತಲೆ ಗೊತ್ತಿತ್ತು.
ಒಬ್ಬನಿಗೆ ನೆತ್ತಿಯಲ್ಲಿ ಎರಡು ಸುಳಿ.
ಒಬ್ಬನಿಗೆ ಕಿವಿಯ ಹಿಂದೆ ಬೇಳೆಯಷ್ಟು ಮಚ್ಚೆ, ಅವನಿಗೇ ಗೊತ್ತಿಲ್ಲದ್ದು.
ಅಡುಗೆಯ ರೆಮ್ಜಿಗೆ ಮೀಸೆ ಬರಲೊಲ್ಲದು,
ಬರಲೆಂದೇ ದಿನಾ ಹೆರೆಸಿಕೊಳ್ಳುತ್ತಿದ್ದ.
ಹೇಸರಗತ್ತೆ ಕಾಯುವವನ ಗಂಟಲ ಮಣಿ
ಎಷ್ಟು ಕುಣಿಯುತ್ತಿತ್ತೆಂದರೆ ಅವನ ಕಥೆ ಮುಗಿಯುವ ತನಕ
ನೀನು ಕತ್ತಿ ಕೆಳಗಿಟ್ಟು ಕಾಯುತ್ತಿದ್ದೆ.
ಕಲ್ಲಿನ ಮೇಲೆ ಇದ್ಯಾವುದನ್ನೂ ಕೆತ್ತಿಲ್ಲ.

ನಾನು ಹುಡುಕಿಕೊಂಡು ಬಂದದ್ದು ದುರ್ಮುಷನನ್ನು.
ನವೆಂಬರಿನ ಆ ರಾತ್ರಿ, ಹೆಲ್ಮೆಟ್ಟಿನಲ್ಲಿ ಹಿಮ ಕಾಯಿಸಿ,
ಎಡಗೆನ್ನೆ ಮುಗಿಸಿ ಬಲಗೆನ್ನೆಗೆ ನೊರೆ ಹಚ್ಚಿದ್ದೆ.
ಕಹಳೆ ಕೂಗಿತು. ನಮ್ಮದಲ್ಲ.
ನೊರೆ ಮುಖದಲ್ಲೇ ಬಂದೂಕೆತ್ತಿಕೊಂಡು ಓಡುತ್ತಾ
‘ಬಂದು ಕೂರ್ತೀನಿ ಉಸ್ತಾ, ಸಾಮಾನು ಕಟ್ಟಬೇಡ’ ಅಂದನಂತೆ.

ಆಮೇಲೆ ನಲವತ್ತು ವರ್ಷ ತಾಷ್‌ಕೋಪ್ರುವಿನ ಅಂಗಡಿಯಲ್ಲಿ
ಯಾರೇ ಬಂದು ಕೂತರೂ ಬಲಗೆನ್ನೆ ಮೊದಲು.
ಕೇಳಿದವರಿಗೆ ‘ಬೆಳಕು ಆ ಕಡೆಯಿಂದ’ ಎನ್ನುತ್ತಿದ್ದೆ.
ಕಿಟಕಿ ಇದ್ದದ್ದು ಎಡಕ್ಕೆ.

ದುರ್ಮುಷ್ ಅಂದರೆ ನಿಂತವನು.
ಹುಟ್ಟಿದ ಕೂಸು ನಿಲ್ಲದ ಮನೆಯಲ್ಲಿ
ಇದಾದರೂ ನಿಲ್ಲಲಿ ಎಂದು ಇಡುವ ಹೆಸರು.
ನಿಂತಿದ್ದಾರೆ, ಅಪ್ಪ. ಮೂವರು.
ಒಬ್ಬ ಗೇಟಿನ ಹತ್ತಿರ, ಇಬ್ಬರು ಅಕ್ಕಪಕ್ಕ,
ಮೂವರಿಗೂ ಅದೇ ನವೆಂಬರು.
ಯಾವನು ನಿನ್ನವನು?
ಮೂವರೂ ಅಲ್ಲವೇನೋ. ಸಿಗದೇ ಹೋದವರ ಗೋಡೆ ಬೇರೆಯೇ ಇದೆ,
ಅದನ್ನು ಓದುವಷ್ಟು ಹೊತ್ತು ನನ್ನ ಕಾಲು ನಿಲ್ಲಲಿಲ್ಲ.
ಮೂರೂ ಕಲ್ಲಿಗೆ ಕೊಲೋನು ಚಿಮುಕಿಸಿದೆ.
ಕ್ಷೌರ ಮುಗಿದವನಿಗೆ ಹೇಳುವ ಮಾತು ಬಾಯಿಗೆ ಬಂತು,
‘ಆರೋಗ್ಯವಿರಲಿ’.
ನುಂಗಿಕೊಂಡೆ. ಇವರಿಗೆ ಹೇಗೆ ಹೇಳಲಿ?

ಪಕ್ಕದ ಸಾಲಿನಲ್ಲಿ ತೋಟದ ಮುದುಕ, ಎದೆಯ ಚೀಟಿಯಲ್ಲಿ ಪ್ಯೊ ಎಂದಿತ್ತು,
ಮಂಡಿಯೂರಿ, ಸಣ್ಣ ಕತ್ತರಿಯಲ್ಲಿ
ಕಲ್ಲಿನಂಚಿನ ಹುಲ್ಲು ಸವರುತ್ತಿದ್ದ.
ಯಂತ್ರ ಅಂಚಿಗೆ ಬಾರದಂತೆ.
ಕಿವಿಯ ಸುತ್ತ ನೀನು ಹೋಗುತ್ತಿದ್ದ ಹಾಗೇ
ತುದಿಯಿಂದ, ಉಸಿರು ಬಿಗಿಹಿಡಿದು,
ಆಗಾಗ ಹಿಂದೆ ಸರಿದು, ಕಣ್ಣು ಕಿರಿದು ಮಾಡಿ.

ಎಷ್ಟು ಹೊತ್ತು ನೋಡುತ್ತ ನಿಂತೆನೋ,
ಕತ್ತರಿಯ ಹಿಡಿಯನ್ನು ನನ್ನ ಕಡೆ ತಿರುಗಿಸಿ ಚಾಚಿದ.
ಗೇಟಿನ ಹತ್ತಿರದ ದುರ್ಮುಷನ ಬಲ ಅಂಚನ್ನು ನಾನು ಕತ್ತರಿಸಿದೆ.
ಕೆಟ್ಟದಾಗಿ. ಏಣಿಯೇಣಿ.
ನಿನ್ನ ಕೈ ನನಗೆ ಬರಲಿಲ್ಲವೆಂದು ನೀನೇ ಹೇಳುತ್ತಿದ್ದೆಯಲ್ಲ.
ಅವನೇನೂ ಅನ್ನಲಿಲ್ಲ.
ನಾನು ಹೋದ ಮೇಲೆ ಸರಿಮಾಡುತ್ತಾನೆ, ಮುಖದಲ್ಲೇ ಬರೆದಿತ್ತು.

ಉಳಿದ ಕೊಲೋನನ್ನು ಅವನ ಬೊಗಸೆಗೆ ಸುರಿದೆ.
ಏನು ಮಾಡಬೇಕೋ ತಿಳಿಯದೆ ಮೂಸಿದ,
ಆಮೇಲೆ ಎರಡೂ ಕೈಯಿಂದ ಮುಖಕ್ಕೆ ಸವರಿಕೊಂಡ. ಉರಿಯಿತೇನೋ,
ಹಲ್ಲು ಕಚ್ಚಿ ನಕ್ಕ.

ಬೆಳಿಗ್ಗೆ ಅವಸರದಲ್ಲಿ ತಾನೇ ಹೆರೆದುಕೊಂಡ ಮುಖ:
ದವಡೆಯ ಕೆಳಗೆ ಬಲಗಡೆ
ಬೆರಳಗಲ ಬಿಳಿ ಕೂಳೆ
ಹಾಗೇ ಉಳಿದಿತ್ತು.