ಟೊಕ್

ಶಬ್ದ ಮೊದಲು ಬಂತು, ವ್ಯಾನು ಆಮೇಲೆ.
ಕೊಚ್ಕೋರಿನ ಬಜಾರಿನಾಚೆ, ಗುಂಡಿಗಿಳಿದಾಗೊಮ್ಮೆ
ಟೊಕ್.
ಟಕ್ ಅಲ್ಲ. ಟಕ್ ಅಂದರೆ ಸಣ್ಣ ಕಾಯಿಲೆ, ಒಂದು ರಬ್ಬರು ಬುಶ್ಶು.
ಇದು ಖಾಲಿ ಪೀಪಾಯಿಯೊಳಗೆ ಯಾರೋ
ಮೊಣಕೈ ತಾಗಿಸಿಕೊಂಡ ಹಾಗೆ.

ಸಗಿನ್‌ಬೆಕ್ ಇಳಿಯಲಿಲ್ಲ. ಗಾಜು ಇಳಿಸಿ
"ಉಪೆಲ್, ಗಾಳಿ ಹಾಕು ಸಾಕು" ಅಂದ.
ಹಾಡು ಜೋರಾಗಿಟ್ಟಿದ್ದ. ತಿಂಗಳಿಂದ ಹಾಗೇ ಇಟ್ಟಿದ್ದನಂತೆ.

ಹಿಂದೆ ಏಳು ಜನ, ಮದುವೆಗೆ ಹೊರಟವರು,
ದೊಲೋನ್ ಘಟ್ಟ ಹತ್ತಿ, ಇಳಿದು, ನಾರಿನ್‌ಗೆ.
ಮಡಿಲಲ್ಲಿ ಬೋರ್ಸೋಕಿನ ಗಂಟು,
ಕಾಲಡಿಯಲ್ಲಿ ಕಟ್ಟಿಹಾಕಿದ ಕುರಿ. ಅದೂ ಮದುವೆಗೇ.

ಬಗ್ಗಿದೆ. ಟೈರಿನ ಒಳಂಚು ಬೋಳು,
ಹೊರಂಚು ಮೊನ್ನೆ ಕೊಂಡಂತೆ:
ಒಂದೇ ಚಕ್ರಕ್ಕೆ ಎರಡು ವಯಸ್ಸು.
"ನೇರ ದಾರೀಲಿ ಎಡಕ್ಕೆ ಎಳೆಯುತ್ತಾ?"
"ರಸ್ತೆಯೇ ಎಡಕ್ಕೆ ವಾಲಿದೆ."
"ಬಿಷ್ಕೆಕ್‌ನಿಂದ ಇಲ್ಲಿವರೆಗೂ?"
ಅವನು ಹಾಡು ನಿಲ್ಲಿಸಿದ.

ಜಾಕಿ ಕೊಟ್ಟೆ. ಚಕ್ರದ ನೆತ್ತಿಗೊಂದು ಕೈ, ಪಾದಕ್ಕೊಂದು ಕೈ,
ತೊಟ್ಟಿಲು ತೂಗಿದಂತೆ ತೂಗಿದೆ.
ತೂಗಿತು.
ತೂಗಬಾರದ್ದು.

"ಬೇರಿಂಗು ಇರಬೇಕು" ಅಂದ, ಆಸೆಯಿಂದ.
ಯಾರಾದರೂ ಬ್ರೇಕು ತುಳಿಯಿರಿ ಅಂದೆ. ಬುರುಲ್ಚಾ ಅತ್ತೆ
ಮಖಮಲ್ಲಿನ ಕೋಟು ಎತ್ತಿಕೊಂಡು ಸಗಿನ್‌ಬೆಕ್‌ನ ಸೀಟು ಹತ್ತಿದಳು,
ಜನ್ಮದಲ್ಲಿ ಮೊದಲ ಸಲ,
ಹಾವಿನ ತಲೆ ಮೆಟ್ಟುವಂತೆ ಎರಡೂ ಕಾಲಲ್ಲಿ ಮೆಟ್ಟಿದಳು.
ಬೇರಿಂಗಿನ ದೋಷವಾದರೆ ಈಗ ಅಡಗಬೇಕು.
ಅಡಗಲಿಲ್ಲ.

ಕೆಳಗೆ ತೆವಳಿ ಬ್ಯಾಟರಿ ಬಿಟ್ಟೆ.
ಕೀಲಿನ ರಬ್ಬರು ಟೊಪ್ಪಿಗೆ ಹರಿದಿದೆ. ಗ್ರೀಸು ಎಂದೋ ಸೋರಿ
ಅದರ ಜಾಗದಲ್ಲಿ ದೊಲೋನಿನ ದೂಳು ಕೂತು
ಮೂರು ಚಳಿಗಾಲ ಕಬ್ಬಿಣವನ್ನು ಬೀಸಿ ಹಿಟ್ಟು ಮಾಡಿದೆ.
ಸನ್ನೆಗೋಲು ತೂರಿಸಿ ಮೀಟಿದೆ. ಗುಂಡು ತನ್ನ ಬಟ್ಟಲಿಂದ
ಗೋಧಿಕಾಳಿನಷ್ಟು ಎದ್ದು, ಮತ್ತೆ ಕೂತಿತು.

"ಗೋಧಿಕಾಳಿನಷ್ಟು ತಾನೆ?"

ನನ್ನಪ್ಪ ಕಾಸಿಮಾಲಿ ಕುರಿ ಕೊಯ್ದಾಗ
ಕೊಡಲಿ ಮುಟ್ಟಿದ್ದು ನಾನು ಕಂಡಿಲ್ಲ.
ಎಲುಬು ಒಡೆಯಬಾರದು, ಕೀಲು ಬಿಡಿಸಬೇಕು, ಅನ್ನುತ್ತಿದ್ದ.
ಒಂದು ಎಲುಬು ಇನ್ನೊಂದನ್ನು ಎಲ್ಲಿ ಹಿಡಿದಿದೆಯೋ
ಅಲ್ಲಿಗೆ ಬೆರಳು ತಾನೇ ಹೋಗುತ್ತಿತ್ತು, ಅದರ ಹಿಂದೆ ಚಾಕು.
ತೊಡೆಯ ಗುಂಡನ್ನು ಬಟ್ಟಲಲ್ಲಿ ತಿರುಗಿಸಿ ತೋರಿಸಿದ,
ನನಗಾಗ ಏಳು ವರ್ಷ:
ನೋಡು, ಬಿಗಿಯಾಗಿದೆ. ಆದರೂ ತಿರುಗುತ್ತೆ.

ಇದನ್ನೆಲ್ಲ ಸಗಿನ್‌ಬೆಕ್‌ಗೆ ಹೇಳಲಿಲ್ಲ. ಹೇಳಿದ್ದು ಇಷ್ಟು:
ಘಟ್ಟ ಹತ್ತುತ್ತೀಯ, ಇಳಿಯೋದು ನಿನ್ನ ಕೈಲಿಲ್ಲ.
ಗುಂಡು ಬಟ್ಟಲು ಬಿಟ್ಟರೆ ಚಕ್ರ ಮಡಚಿ ಮಲಗುತ್ತೆ.
ಆಮೇಲೆ ನೀನು ಹಿಡಿದಿರೋದು ಸ್ಟೇರಿಂಗಲ್ಲ, ಬಳೆ.

ಜಗಳವಾಯಿತು. ಮದುಮಗಳ ಚಿಕ್ಕಮ್ಮ
ನನ್ನ ಏಳು ತಲೆಮಾರನ್ನು ಒಬ್ಬೊಬ್ಬರಾಗಿ ಬೈದಳು.
ನಾನು ಚಕ್ರ ಬಿಚ್ಚಿ, ಅದರ ಮೇಲೇ ಕೂತೆ.

ಸಂಜೆಯ ಬಸ್ಸಿಗೆ ತೊಕ್ಮೋಕಿನಿಂದ ಕೀಲು ಬಂತು, ಜೋಡಿ.
ಬಲದ್ದಕ್ಕೂ ಅದೇ ವಯಸ್ಸು, ಅದೇ ರಸ್ತೆ.
ಹಳೆಯದು ಸುಮ್ಮನೆ ಬಿಡಲಿಲ್ಲ; ಕವಲುಬೆಣೆ ಇಟ್ಟು
ಸುತ್ತಿಗೆಯಲ್ಲಿ ನಾಲ್ಕು ಕೊಟ್ಟ ಮೇಲೆ ನಿಟ್ಟುಸಿರಿಟ್ಟು ಬಿತ್ತು.
ಅಲ್ಲಾಡಿಸಿದರೆ ಗಿಲಕಿ. ಸಗಿನ್‌ಬೆಕ್‌ನ ಅಂಗೈಲಿಟ್ಟೆ.
ಅವನು ಮಾತಾಡಲಿಲ್ಲ.
ಹೊಸದು ನನ್ನ ಬೆರಳಿಗೆ ಬಗ್ಗಲೊಲ್ಲದು.
ಒಳ್ಳೆಯದು, ಅಂದೆ ಅದಕ್ಕೆ.
ನಟ್ಟು ಬಿಗಿದು, ಪಿನ್ನು ತೂರಿಸಿ, ಅದರ ಕಿವಿ ಮಡಚಿದೆ.
ನಾರಿನ್‌ನಲ್ಲಿ ಅಲೈನ್‌ಮೆಂಟು ಮಾಡಿಸು, ಮರೆತರೆ ಈ ಟೈರೂ ಹೋಯ್ತು.

ಏಳೂ ಜನ ನನ್ನ ಮನೆಯಲ್ಲೇ ಮಲಗಿದರು.
ಕುರಿ ನನ್ನ ಈರುಳ್ಳಿ ಪಾತಿ ಮೇಯ್ದಿತು.

ನಾಲ್ಕನೇ ದಿನ ವ್ಯಾನು ಬಂದು ನಿಂತದ್ದೇ ಗೊತ್ತಾಗಲಿಲ್ಲ.
ಬುರುಲ್ಚಾ ಅತ್ತೆ ಬಟ್ಟೆಯಲ್ಲಿ ಸುತ್ತಿದ ಎಲುಬು ತಂದಿದ್ದಳು,
ಪಕ್ಕೆಯದಲ್ಲ, ಹಿರಿಯರಿಗೆ ಕೊಡುವ ಸೊಂಟದ್ದು.
"ನಿನ್ನ ಪಾಲು. ಬ್ರೇಕು ತುಳಿದದ್ದು ನಾನೇ ಅಂತ
ಮದುವೆಮನೆಗೆಲ್ಲ ಹೇಳಿದೆ."

ಮತ್ತೆ ವ್ಯಾನು ಹತ್ತಲು ಕಾಲೆತ್ತಿದಳು.
ಎಡಸೊಂಟ:
ಟೊಕ್.

ನನಗೆ ಕೇಳಿಸಿತೆಂದು ಅವಳಿಗೆ ತಿಳಿಯಿತು.
"ಏಯ್ ಸಗಿನ್‌ಬೆಕ್," ಅಂದಳು, ತಿರುಗಿ ನೋಡದೆ,
"ಹಾಡು ಜೋರಾಗಿಡೋ."