ಹುಳುಮನೆಗೆ ಹೋಗುವ ಮುನ್ನ

ಶಿಡ್ಲಘಟ್ಟದ ಗೂಡಿನ ಮಾರ್ಕೆಟ್ಟಿನ ಹಿಂದೆ
ಹರಾಜು ಮುಗಿದ ಮೇಲೆ ಸಿಗು ಅಂದಿದ್ದೆ.
ನೀನು ಬಂದೆ, ಮುದಸ್ಸಿರ್,
ರೀಲಿಂಗಿನ ಬಿಸಿನೀರಲ್ಲಿ ಬೆಂದು
ಬೆಳ್ಳಗೆ ಸುಕ್ಕಾದ ಬೆರಳುಗಳನ್ನು ಜೇಬಲ್ಲಿ ಬಚ್ಚಿಟ್ಟು.

ಆಸ್ಪತ್ರೆಯ ಗೋಡೆ ನಾನೂ ನೋಡಿದ್ದೇನೆ:
ಗಂಡ, ಹೆಂಡತಿ, ನಡುವೆ ಮಗು, ಕೆಂಪು ರಿಬ್ಬನ್.
ಅದರಲ್ಲಿ ನಾವಿಲ್ಲ.
ಇಲ್ಲದವರಿಗೆ ಕಾಯಿಲೆಯೂ ಬರೋಲ್ಲ ಅಂತ
ಆರು ವರ್ಷದ ಹಿಂದೆ ಓದಿಕೊಂಡೆ. ತಪ್ಪು ಓದಿದೆ.
ಈಗ ದಿನಾ ರಾತ್ರಿ ಊಟದ ಮೇಲೆ ಒಂದು ಮಾತ್ರೆ.
ಬದುಕಿದ್ದೇನೆ, ನೋಡು, ಹೊಟ್ಟೆ ಬೇರೆ ಬಂದಿದೆ.

ಅದಕ್ಕೇ ನಮ್ಮ ಮಾತಲ್ಲೇ ಹೇಳ್ತೀನಿ.
ಕೊಬ್ಬರಿ ಎಣ್ಣೆ ತಲೆಗಿರಲಿ,
ಎಣ್ಣೆ ತಾಗಿದರೆ ಕಾಂಡೋಮ್ ಹರಿಯುತ್ತೆ;
ಈ ಜೆಲ್ಲು ನೀರಿನದು, ಪುಕ್ಕಟೆ.
ಮೂರು ತಿಂಗಳಿಗೊಮ್ಮೆ ಚೂರು ರಕ್ತ ಕೊಟ್ಟು ಬಾ.
ಕೌನ್ಸೆಲರ್ ಅಕ್ಕ ಯಾರ ಜೊತೆ ಅಂತ ಕೇಳಿದರೆ ಹೇಳು,
ಹುಬ್ಬೇರಿಸೋಲ್ಲ.
ಮೊದಲು ಏರಿಸ್ತಿದ್ದಳು.

'ಹೆಸರೇ ಇಲ್ಲದ್ದಕ್ಕೆ ಇಷ್ಟೆಲ್ಲ ಯಾಕಣ್ಣ' ಅಂದೆ ನೀನು.
ಮುಂದಿನ ತಿಂಗಳು ನಿಕಾಹ್ ಅಂತಲೂ,
ನೆಲ ನೋಡಿಕೊಂಡು.

ನಾನು ಬೈಯಲಿಲ್ಲ.
ನಮ್ಮಮ್ಮ ಹುಳುಮನೆಯ ಹೊಸ್ತಿಲಿಗೆ ಸುಣ್ಣ ಚೆಲ್ಲಿ
ಕೈಕಾಲು ತೊಳೆಯದೆ ಒಬ್ಬರನ್ನೂ ಒಳಗೆ ಬಿಡುತ್ತಿರಲಿಲ್ಲ,
ದೇವರಂಥ ನನ್ನ ತಾತನನ್ನೂ.
ಅದನ್ನು ಯಾರೂ ಅನುಮಾನ ಅನ್ನಲಿಲ್ಲ,
ಪಾಪ ಅನ್ನಲಿಲ್ಲ.
ಹುಳದ ಮೇಲೆ ಅಕ್ಕರೆ ಅಂದರು, ಅಷ್ಟೆ.
ಅಷ್ಟು ಅಕ್ಕರೆ ನಿನ್ನ ಮೈಮೇಲೆ ನಿನಗಿರಲಿ,
ಬರುವ ಹುಡುಗಿಯ ಮೇಲೆ,
ನೀನು ಹೆಸರು ಹೇಳದ ಅವನ ಮೇಲೆ.

ಪೊಟ್ಟಣ ತಗೊಂಡೆಯೋ ಇಲ್ಲವೋ
ಕತ್ತಲಲ್ಲಿ ಕಾಣಲಿಲ್ಲ.
ಬೆಳಿಗ್ಗೆ ಎಣಿಸಿದರೆ
ಚೀಲದಲ್ಲಿ ಎರಡು ಕಮ್ಮಿ.

ಎರಡು.